ಎರಡನೇ ಭಾಗ ಮೊದಲನೆಯದನ್ನು ಮೀರಿಸೋಕೆ ಸಾಧ್ಯವಾ? ಕಲೆಕ್ಷನ್ ಬಿಟ್ಟು ಮಾತಾಡಿ

ರೀಲ್‌ಪೆಟ್ಟಿಗೆ
ಹೆಸರಿನ ಪಕ್ಕ 2, ಚಾಪ್ಟರ್, ಸೈಡ್ ಅಂತ ಏನಾದ್ರೂ ಅಂಟಿಸದ ಪೋಸ್ಟರ್ ಗಾಂಧಿನಗರದಲ್ಲಿ ಹುಡುಕಬೇಕು ಅನ್ನೋ ಹಾಗಾಗಿದೆ. ನನ್ನ ಪ್ರಶ್ನೆ ಇಷ್ಟೆ: ಬರವಣಿಗೆ, ಚಿತ್ರಕಥೆ, ಪಾತ್ರ, ಎಡಿಟಿಂಗ್ ಲೆಕ್ಕದಲ್ಲಿ ಮೊದಲ ಭಾಗವನ್ನು ಮೀರಿಸಿದ ಎರಡನೇ ಭಾಗ ಯಾವುದು, ಹೇಗೆ ಮೀರಿಸ್ತು? ಕನ್ನಡದ್ದೇ ಮೊದಲು ಬರಲಿ, ಹೊರಗಿನದ್ದೂ ನಡೆಯುತ್ತೆ.

ಕಲೆಕ್ಷನ್ ಮಾತು ಬೇಡ. ಎರಡನೇ ಭಾಗದ ಮೊದಲ ವಾರದ ದುಡ್ಡು ಮೊದಲ ಭಾಗದ ಹೆಸರಿಗೆ ಬಂದ ದುಡ್ಡು. ಅದರಿಂದ ಸಿನಿಮಾ ಚೆನ್ನಾಗಿದೆಯೋ ಇಲ್ಲವೋ ಗೊತ್ತಾಗಲ್ಲ. ಇನ್ನೊಂದು ಮಾತು, ಇಲ್ಲಿ ಕಥೆ ಬಿಚ್ಚಿ ಮಾತಾಡ್ತೀವಿ. ನೋಡದವರು ಹುಷಾರು.

ಮಾಗಡಿರೋಡ್_ಮಂದಿ
ಕೆಜಿಎಫ್ ಚಾಪ್ಟರ್ 2. ಇನ್ನೇನು ಚರ್ಚೆ?

ಕಟ್_ಟು_ಕಟ್
ಚರ್ಚೆ ಅಲ್ಲೇ ಶುರು ಗುರು. ಚಾಪ್ಟರ್ 1ರಲ್ಲಿ ರಾಕಿಗೆ ಇರೋ ಕೆಲಸ ಒಂದೇ, ಗರುಡನನ್ನು ಕೊಲ್ಲೋದು. ಬೆಂಗಳೂರಲ್ಲಿ ಆಗಲ್ಲ, ಅದಕ್ಕೇ ನರಾಚಿ ಚಿನ್ನದ ಗಣಿ ಒಳಗೆ ಹೋಗ್ತಾನೆ. ಅಲ್ಲಿಂದ ಮುಂದೆ ಪ್ರತಿ ದೃಶ್ಯ ಆ ಒಂದು ಕೆಲಸಕ್ಕೆ ಅಡ್ಡ ಬರುತ್ತೆ ಇಲ್ಲ ದಾರಿ ಮಾಡಿಕೊಡುತ್ತೆ. ಕಣ್ಣು ಕಾಣದ ಮುದುಕನ ದೃಶ್ಯ ನೆನಪಿಸ್ಕೊಳ್ಳಿ. ಕಣ್ಣು ಹೋದವನಿಗೆ ಗಣಿಯಲ್ಲಿ ಸಾವೇ ಗತಿ ಅಂತ ಮೊದಲೇ ತೋರಿಸಿರ್ತಾರೆ. ರಾಕಿ ಅಲ್ಲಿವರೆಗೂ ಸುಮ್ಮನಿದ್ದು ನೋಡ್ತಾ ಇರ್ತಾನೆ, ಕೆಲಸ ಕೆಡುತ್ತೆ ಅಂತ ಕೈ ಎತ್ತಲ್ಲ. ಹೀಗೆ ತಡೆ ಹಿಡಿದಿದ್ದಕ್ಕೇ ಅವನು ತಿರುಗಿಬಿದ್ದಾಗ ಥಿಯೇಟರ್ ಎದ್ದು ನಿಲ್ಲೋದು.

ಚಾಪ್ಟರ್ 2ರಲ್ಲಿ ಎದುರಾಳಿಗಳು ಎಷ್ಟು ಜನ ನೋಡಿ. ಅಧೀರ, ಪ್ರಧಾನಿ ರಮಿಕಾ ಸೇನ್, ಇನಾಯತ್ ಖಲೀಲ್, ಗುರು ಪಾಂಡಿಯನ್, ಆಂಡ್ರ್ಯೂಸ್, ಶೆಟ್ಟಿ. ಒಬ್ಬೊಬ್ಬರಿಗೂ ಒಂದು ಎಂಟ್ರಿ, ಒಂದು ಬೆದರಿಕೆ, ಒಂದು ಲೆಕ್ಕ ಚುಕ್ತಾ ಮಾಡೋ ದೃಶ್ಯ ಅಂದ್ರೂ ಹದಿನೆಂಟು ದೃಶ್ಯ. ಮೂರು ಗಂಟೆಗೆ ಹತ್ತು ಹನ್ನೆರಡು ನಿಮಿಷ ಕಮ್ಮಿ ಇರೋ ಸಿನಿಮಾದಲ್ಲಿ ಅಷ್ಟಕ್ಕೆ ಜಾಗ ಕೊಟ್ಟರೆ ಗಣಿಯ ಜನ ಎಲ್ಲಿಗೆ ಹೋಗ್ಬೇಕು? ಮೊದಲ ಭಾಗದಲ್ಲಿ ಮುಖ ಇದ್ದ ಜನ ಎರಡನೆಯದರಲ್ಲಿ ಜೈಕಾರ ಹಾಕೋ ಗುಂಪಾದರು. ಎಡಿಟಿಂಗ್ ಎರಡರಲ್ಲೂ ಚುರುಕು. ಆದ್ರೆ ಒಂದರಲ್ಲಿ ಆ ವೇಗ ಕಥೆಯಿಂದ ಹುಟ್ಟಿದೆ, ಇನ್ನೊಂದರಲ್ಲಿ ಕಥೆ ತುಂಬಾ ಜಾಸ್ತಿಯಾಗಿ ಓಡಲೇಬೇಕಾಗಿ ಬಂದಿದೆ.

ಮಾಗಡಿರೋಡ್_ಮಂದಿ
ಪೊಲೀಸ್ ಸ್ಟೇಷನ್ ಮುಂದೆ ದೊಡ್ಡಮ್ಮ ಅನ್ನೋ ಮಷಿನ್ ಗನ್ ತಂದು ನಿಲ್ಲಿಸೋ ಸೀನ್ ಚಾಪ್ಟರ್ 1ರಲ್ಲಿ ಯಾವುದಕ್ಕೆ ಸಮ ಹೇಳಿ?

ಕಟ್_ಟು_ಕಟ್
ಒಂದು ಸೀನ್ ಆಗಿ ಅದು ಮೇಲು, ಒಪ್ತೀನಿ. ಪ್ರಶ್ನೆ ಸಿನಿಮಾದ್ದು.

ಚಿತ್ರಲೇಖಾ_ಜಯನಗರ
ಚಾಪ್ಟರ್ 2ರ ಪರವಾಗಿ ಒಂದು ಮಾತಿದೆ, ಯಾರೂ ಹೇಳಲ್ಲ. ರಮಿಕಾ ಸೇನ್. ಮೊದಲ ಭಾಗದಲ್ಲಿ ರಾಕಿ ಮಾಡಿದ್ದೆಲ್ಲ ಸರಿ ಅಂತ ಸಿನಿಮಾನೇ ತೀರ್ಪು ಕೊಟ್ಟುಬಿಟ್ಟಿತ್ತು. ಎರಡನೆಯದರಲ್ಲಿ ಅವನು ದೇಶದ ಕಾನೂನಿಗೆ ಯಾರು ಅನ್ನೋ ಪ್ರಶ್ನೆ ಎತ್ತೋ ಒಂದು ದನಿ ಬಂತು. ಆ ದನಿಗೆ ಇನ್ನಷ್ಟು ಜಾಗ ಸಿಕ್ಕಿದ್ದಿದ್ರೆ ನಿಜವಾಗಲೂ ಮೊದಲನೆಯದನ್ನು ಮೀರಿಸ್ತಿತ್ತು. ಕಥೆ ಹೇಳೋರು ಅನಂತ್ ನಾಗ್ ಇಂದ ಪ್ರಕಾಶ್ ರಾಜ್‌ಗೆ ಬದಲಾದಾಗ ಆನಂದ್ ಇಂಗಳಗಿಯ ಮಗ ವಿಜಯೇಂದ್ರ ಇಂಗಳಗಿ ಅಂತ ಪಾತ್ರ ಮಾಡಿ ಹೊಲಿಗೆ ಕಾಣದ ಹಾಗೆ ಹೊಲಿದಿದ್ದಾರೆ. ಕಲಾವಿದರು ಬದಲಾಗಿಬಿಟ್ಟರೆ ಹೇಗೆ ನಿಭಾಯಿಸ್ಬೇಕು ಅನ್ನೋದಕ್ಕೆ ಇದು ಪಾಠ.

ಹನುಮಂತನಗರ
ನಮ್ಮಲ್ಲಿ ಇದೆಲ್ಲ ಹೊಸದೇನಲ್ಲ ಸ್ವಾಮಿ. 1968ರಲ್ಲೇ ಜೇಡರ ಬಲೆ ಬಂತು, ಅದೇ ವರ್ಷ ಗೋವಾದಲ್ಲಿ ಸಿಐಡಿ 999, 1969ರಲ್ಲಿ ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999, ಕೊನೆಗೆ 1978ರಲ್ಲಿ ಆಪರೇಷನ್ ಡೈಮಂಡ್ ರಾಕೆಟ್. ನಾಲ್ಕರಲ್ಲೂ ರಾಜ್‌ಕುಮಾರ್, ನಾಲ್ಕಕ್ಕೂ ದೊರೈ-ಭಗವಾನ್. ನಾಲ್ಕನೆಯದು ಮೊದಲನೆಯದಕ್ಕಿಂತ ಜನಪ್ರಿಯ. ಜಿ.ಕೆ. ವೆಂಕಟೇಶ್ ಸಂಗೀತದಲ್ಲಿ ಅಣ್ಣಾವ್ರು ಹಾಡಿದ ಇಂಗ್ಲಿಷ್ ಹಾಡು ಗೊತ್ತಿಲ್ಲದವರು ಬೆಂಗಳೂರಲ್ಲಿ ಇದ್ದಾರಾ?

ಕಥಾಸರಿತ್
ಸರ್, ಅದು ಸರಣಿ. ಎರಡನೇ ಭಾಗ ಅನ್ನೋದೇ ಬೇರೆ. ಈ ವ್ಯತ್ಯಾಸ ಗಟ್ಟಿ ಮಾಡಿಕೊಳ್ಳದೆ ಮಾತಾಡಿದ್ರೆ ಎಲ್ಲಾ ಕಲಸಿಹೋಗುತ್ತೆ.

ಪತ್ತೇದಾರ ಪ್ರಕಾಶ್‌ಗೆ ಹಿಂದಿನ ಕೇಸಿನ ಗಾಯ ಇರಲ್ಲ. ಹೊಸ ಕೇಸು, ಹೊಸ ಊರು, ಹೊಸ ಕಳ್ಳ. ನಾಲ್ಕನ್ನೂ ತಿರುಗುಮುರುಗು ಮಾಡಿ ನೋಡಿದ್ರೂ ಏನೂ ತಪ್ಪಲ್ಲ. ಶಂಕರ್ ನಾಗ್ ಅವರ ಸಾಂಗ್ಲಿಯಾನ 1988ರದ್ದು, ಅದರ ಎರಡನೇ ಭಾಗ 1990ರದ್ದು. ಅದೂ ಹೆಚ್ಚುಕಮ್ಮಿ ಇದೇ ಜಾತಿ. ಸರಣಿಯಲ್ಲಿ ಮುಂದಿನದು ಚೆನ್ನಾಗಿರೋದು ಸುಲಭ, ಯಾಕಂದ್ರೆ ಪ್ರತಿ ಸಲ ಹೊಸ ಕಥೆ ಬರೀತೀರಿ.

ಎರಡನೇ ಜಾತಿ ಬರೀ ಹೆಸರಿನದ್ದು. ಮುಂಗಾರು ಮಳೆ 2006ರಲ್ಲಿ ಯೋಗರಾಜ್ ಭಟ್, ಮನೋಮೂರ್ತಿ. 2016ರ ಎರಡನೆಯದರಲ್ಲಿ ನಿರ್ದೇಶಕ ಶಶಾಂಕ್, ಸಂಗೀತ ಅರ್ಜುನ್ ಜನ್ಯ. ಗಣೇಶ್ ಮತ್ತೆ ಮಳೆ ಬಿಟ್ಟರೆ ಹಳೇದರಿಂದ ಬಂದದ್ದು ಕಮ್ಮಿ. ಗಾಳಿಪಟ 2ರಲ್ಲಿ ಭಟ್ರೇ ಇದ್ದಾರೆ, ಆದ್ರೂ ರಾಜೇಶ್ ಕೃಷ್ಣನ್ ಜಾಗಕ್ಕೆ ಪವನ್ ಕುಮಾರ್, ಕಥೆ ಹೊಸದು. ಇವನ್ನು ಮೊದಲನೆಯದಕ್ಕೆ ಹೋಲಿಸೋದೇ ಅನ್ಯಾಯ.

ಮೂರನೆಯದು ನಿಜವಾದ ಮುಂದುವರಿಕೆ, ಹಿಂದಿನ ಕಥೆಯ ಪರಿಣಾಮ ಮುಂದೆ ಬಂದು ಬಡಿಯೋದು. ಮೊದಲ ಭಾಗ ಏನೋ ಬಾಕಿ ಉಳಿಸಿರ್ಬೇಕು, ಎರಡನೆಯದು ಅದನ್ನು ಬಡ್ಡಿ ಸಮೇತ ವಸೂಲಿ ಮಾಡ್ಬೇಕು. ಬಾಕಿನೇ ಇಲ್ಲದ ಕಡೆ ಎಷ್ಟೇ ದುಡ್ಡು ಸುರಿದ್ರೂ ಮೀರಿಸೋಕಾಗಲ್ಲ.

ಹನುಮಂತನಗರ
ಪ್ರೇಕ್ಷಕನಿಗೆ ಜಾತಿ ಗೀತಿ ಬೇಕಿಲ್ಲ. ಅದೇ ನಾಯಕ, ಅದೇ ನಂಬರು, ಅವನ ಪಾಲಿಗೆ ಅದು ಮುಂದಿನ ಭಾಗವೇ.

ಬಾಲ್ಕನಿ_ಸೀಟು
ಕೋಟಿಗೊಬ್ಬ 2 ಮರೆತ್ರಾ? ವಿಷ್ಣು ಸರ್ ಕೋಟಿಗೊಬ್ಬಕ್ಕೆ ಸುದೀಪ್ ಮಾಡಿದ ಮುಂದುವರಿಕೆ.

ರೀಲ್‌ಪೆಟ್ಟಿಗೆ
ಅಲ್ಲ, ಹೆಸರು ಮಾತ್ರ. 2001ರ ಕೋಟಿಗೊಬ್ಬಕ್ಕೂ 2016ರದಕ್ಕೂ ಕಥೆಯ ಸಂಬಂಧ ಇಲ್ಲ, ಎರಡನೆಯದನ್ನು ತಮಿಳಲ್ಲೂ ಒಟ್ಟಿಗೆ ತೆಗೆದರು. ಆದ್ರೆ ಕೋಟಿಗೊಬ್ಬ 3 ಮಾತ್ರ ಕೋಟಿಗೊಬ್ಬ 2ರ ಪಾತ್ರವನ್ನೇ ಮುಂದುವರಿಸುತ್ತೆ. ಭಜರಂಗಿ 2 ಕೂಡ ಬೇರೆಯೇ ಕಥೆ.

ಬಾಲ್ಕನಿ_ಸೀಟು
ಹಾಗಾದ್ರೆ ಯಾರು ಬೇಕಾದ್ರೂ ಯಾರ ಸಿನಿಮಾದ ಹೆಸರಿಗೆ ಬೇಕಾದ್ರೂ 2 ಹಾಕ್ಕೋಬಹುದಾ?

ಕರಾರುಪತ್ರ
ಹಾಗಿಲ್ಲ. ಇಲ್ಲಿ ಎರಡು ವಿಷಯ ಬೇರೆ ಬೇರೆ.

ಬರೀ ಶೀರ್ಷಿಕೆಗೆ ಕೃತಿಸ್ವಾಮ್ಯ ಇಲ್ಲ. ಸುಪ್ರೀಂ ಕೋರ್ಟ್ 2015ರಲ್ಲಿ ಒಂದು ಹಿಂದಿ ಸಿನಿಮಾದ ಹೆಸರಿನ ಕೇಸಿನಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಆದ್ರೆ ನಮ್ಮಲ್ಲಿ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ಶೀರ್ಷಿಕೆ ನೋಂದಣಿ ಅಂತ ಉದ್ಯಮದೊಳಗಿನ ವ್ಯವಸ್ಥೆ ಇದೆ. ಅದು ನಿರ್ಮಾಣ ಸಂಸ್ಥೆಯ ಹೆಸರಲ್ಲಿರುತ್ತೆ. ಅದಕ್ಕೇ ನಿರ್ದೇಶಕ ಹೊರಗೆ ಹೋದ್ರೂ ಹೆಸರು ನಿರ್ಮಾಪಕರ ಹತ್ತಿರವೇ ಉಳಿಯುತ್ತೆ.

ಕಥೆ, ಪಾತ್ರ ಮುಂದುವರಿಸೋದು ಇನ್ನೊಂದು ವಿಷಯ. 1957ರ ಕಾಯ್ದೆ ಪ್ರಕಾರ ಸಿನಿಮಾ ಅನ್ನೋ ಕೃತಿಗೆ ನಿರ್ಮಾಪಕರೇ ಕರ್ತೃ, ಆದ್ರೆ ಚಿತ್ರಕಥೆ ಪ್ರತ್ಯೇಕ ಸಾಹಿತ್ಯ ಕೃತಿ, ಅದಕ್ಕೆ ಬರೆದವರು ಕರ್ತೃ. ಬರಹಗಾರರು ಏನನ್ನು ಬರೆದುಕೊಟ್ಟಿದ್ದಾರೆ ಅನ್ನೋದು ಕರಾರಿನ ಮೇಲೆ ನಿಲ್ಲುತ್ತೆ. ಹೊಸ ಬರಹಗಾರರು ಮಾಡೋ ತಪ್ಪು ಇಲ್ಲೇ. ರೀಮೇಕ್, ಡಬ್ಬಿಂಗ್, ಮುಂದಿನ ಭಾಗ, ಹಿಂದಿನ ಕಥೆ, ವೆಬ್ ಸರಣಿ ಎಲ್ಲಾ ಒಂದೇ ಸಾಲಲ್ಲಿ 'ಸಕಲ ಹಕ್ಕುಗಳು' ಅಂತ ಸಹಿ ಮಾಡಿಬಿಡ್ತಾರೆ. ಒಂದೊಂದು ಹಕ್ಕನ್ನೂ ಬೇರೆ ಸಾಲಲ್ಲಿ ಬರೆಸಿ. ಮುಂದಿನ ಭಾಗ ಬರೆಯೋಕೆ ಮೊದಲ ಅವಕಾಶ ನನಗೇ ಅಂತ ಒಂದು ಷರತ್ತು ಹಾಕಿಸಿ. ಬೇರೆಯವರು ಬರೆದ್ರೂ ಮೂಲ ಪಾತ್ರ ಸೃಷ್ಟಿಗೆ ಹೆಸರು, ಸಂಭಾವನೆ ಎಷ್ಟು ಅಂತ ಅಲ್ಲೇ ನಮೂದಿಸಿ.

ಎರಡನೇ ಭಾಗ ಸೊರಗೋಕೆ ಇದೂ ಒಂದು ದೊಡ್ಡ ಕಾರಣ. ಪಾತ್ರವನ್ನು ಬಲ್ಲವನು ಹೊರಗಿರ್ತಾನೆ, ಹೆಸರು ಒಳಗಿರುತ್ತೆ.

ಚಿತ್ರಲೇಖಾ_ಜಯನಗರ
ಇದನ್ನು ಪಿನ್ ಮಾಡಿ ದಯವಿಟ್ಟು.

ವಿಷ್ಣುಪ್ರಿಯ
ಆಪ್ತಮಿತ್ರ, ಆಪ್ತರಕ್ಷಕ ಬಗ್ಗೆ ಯಾರೂ ಯಾಕೆ ಮಾತಾಡ್ತಿಲ್ಲ? ಆಪ್ತಮಿತ್ರ 2004ರದ್ದು, ಮಲಯಾಳದ ಮಣಿಚಿತ್ರತಾಳ್ ಇಂದ ಬಂದ ಕಥೆ. ಆಪ್ತರಕ್ಷಕ 2010ರದ್ದು, ಅದು ಪಿ. ವಾಸು ಇಲ್ಲೇ ಕಟ್ಟಿದ ಕಥೆ. ಮೊದಲನೆಯದರಲ್ಲಿ ವಿಷ್ಣು ಸರ್ ಡಾಕ್ಟರ್, ಭಾರವೆಲ್ಲ ಸೌಂದರ್ಯ ಮೇಲಿತ್ತು. ಎರಡನೆಯದರಲ್ಲಿ ಡಾಕ್ಟರ್ ವಿಜಯ್ ಜೊತೆಗೆ ರಾಜ ವಿಜಯರಾಜೇಂದ್ರ ಬಹದ್ದೂರ್ ಕೂಡ ಅವರೇ. ಮೊದಲ ಭಾಗದಲ್ಲಿ ನಾಗವಲ್ಲಿಯ ದೃಷ್ಟಿಯಿಂದ ಮಾತ್ರ ಕೇಳಿದ್ದ ರಾಜನನ್ನು ಇಲ್ಲಿ ಕಣ್ಣೆದುರು ನಿಲ್ಲಿಸಿದರು. ಕಥಾಸರಿತ್ ಅವರು ಹೇಳಿದ ಬಾಕಿ ಅಂದ್ರೆ ಇದೇ ಅಲ್ವಾ?

ಕಥಾಸರಿತ್
ಹೌದು, ಇದು ಒಳ್ಳೆ ಉದಾಹರಣೆ. ನಾಗವಲ್ಲಿಯ ಚಿತ್ರಪಟ ಇನ್ನೊಂದು ಮನೆಗೆ ಹೋಗೋದರಿಂದ ಹೊಸ ಕುಟುಂಬ, ಹೊಸ ಅನುಮಾನ ಹುಟ್ಟುತ್ತೆ. ಹಳೇ ಕುಟುಂಬವನ್ನು ಮತ್ತೆ ಎಳೆದುತರೋ ಕಷ್ಟ ಇಲ್ಲ. ಹಿಂದಿನ ಕಥೆ ನೆನಪಿಸೋಕೆ ಒಂದು ವಸ್ತು ಸಾಕು ಅನ್ನೋದನ್ನ ಚೆನ್ನಾಗಿ ಬಳಸಿದ್ದಾರೆ. ಆದ್ರೆ ಬಿಗಿಯಲ್ಲಿ ಆಪ್ತಮಿತ್ರನೇ ಮೇಲು. ಅದರಲ್ಲಿ ಕಾಯಿಲೆಗೆ ಮನಃಶಾಸ್ತ್ರದ ಉತ್ತರ ಇದೆ, ಎರಡನೆಯದು ಅಲೌಕಿಕಕ್ಕೆ ಜಾರುತ್ತೆ.

ವಿಷ್ಣುಪ್ರಿಯ
ಜಾರಿದ್ರೂ ಆ ನಟನೆ ಮುಂದೆ ನನಗೆ ಆಪ್ತರಕ್ಷಕನೇ ಮೇಲು. ಸೌಂದರ್ಯ ಆಪ್ತಮಿತ್ರ ತೆರೆಗೆ ಬರೋ ಮೊದಲೇ ಹೋದರು, ವಿಷ್ಣು ಸರ್ 2009ರ ಡಿಸೆಂಬರ್ 30ಕ್ಕೆ, ಆಪ್ತರಕ್ಷಕ ಬಿಡುಗಡೆಗೆ ಮೊದಲು. ಎರಡು ಸಿನಿಮಾಗಳನ್ನೂ ಆ ನೋವು ಬಿಟ್ಟು ನೋಡೋಕಾಗಲ್ಲ.

ಲೈಟ್ಸ್_ಆಫ್
ಉಪ್ಪಿ 2? 1999ರ ಉಪೇಂದ್ರದಲ್ಲಿ 'ನಾನು', 2015ರಲ್ಲಿ 'ನೀನು'. ಐಡಿಯಾ ಲೆಕ್ಕದಲ್ಲಿ ಇದಕ್ಕಿಂತ ಸರಿಯಾದ ಎರಡನೇ ಭಾಗ ಇಲ್ಲ.

ಕಟ್_ಟು_ಕಟ್
ಐಡಿಯಾ ಸರಿ. 'ನಾನು' ಅನ್ನೋನ ಹತ್ತಿರ ಮೂವರು ಹೆಣ್ಣುಮಕ್ಕಳ ಗಟ್ಟಿ ಕಥೆ ಇತ್ತು, 'ನೀನು' ಹತ್ತಿರ ಉಪದೇಶ ಜಾಸ್ತಿ.

ಸೈಡ್_ಎ
ಸಪ್ತ ಸಾಗರದಾಚೆ ಎಲ್ಲೋ ಬಗ್ಗೆ ಜಗಳ ಶುರು ಮಾಡೋಣ. ಸೈಡ್ ಎ 2023ರ ಸೆಪ್ಟೆಂಬರ್ 1, ಸೈಡ್ ಬಿ ನವೆಂಬರ್ 17. ಹನ್ನೊಂದು ವಾರದ ಅಂತರ. ನನ್ನ ವಾದ: ಸೈಡ್ ಬಿ ಮೇಲು.

ಸೈಡ್ ಎ ಪೂರ್ತಿ ನೀಲಿ ಬಣ್ಣ, ಸಮುದ್ರ, ಮನೆ ಕಟ್ಟೋ ಕನಸು. ಒಡೆಯರ ಮಗನ ತಪ್ಪನ್ನು ಮನು ತಲೆ ಮೇಲೆ ಹೊತ್ತು ಜೈಲಿಗೆ ಹೋಗ್ತಾನೆ, ನಾವು ಅಯ್ಯೋ ಅಂತೀವಿ. ಅಲ್ಲಿ ಅವನ ಮೇಲೆ ಕರುಣೆ ಪಡೋದು ಸುಲಭ. ಸೈಡ್ ಬಿ ಕೆಂಪು. ಹೊರಗೆ ಬಂದವನು ಪ್ರೇಯಸಿ ಪ್ರಿಯಾಳ ದನಿ ಇರೋ ಕ್ಯಾಸೆಟ್ ಹಿಡಿದು ಅವಳ ಮನೆ ಸುತ್ತ ತಿರುಗ್ತಾನೆ, ಇನ್ನೊಬ್ಬಳಲ್ಲಿ ಅವಳನ್ನೇ ಹುಡುಕ್ತಾನೆ. ಈಗ ಅದೇ ಪ್ರೀತಿ ಹೆದರಿಸುತ್ತೆ. ಅದೇ ನಾಯಕನನ್ನು ಇಟ್ಟುಕೊಂಡು ಪ್ರೇಕ್ಷಕನ ನಿಲುವನ್ನೇ ಬದಲಾಯಿಸೋದು ಬರವಣಿಗೆಯಲ್ಲಿ ಬಹಳ ಕಷ್ಟದ ಕೆಲಸ.

ಚಿತ್ರಲೇಖಾ_ಜಯನಗರ
ಹೆದರಿಸುತ್ತೆ ಅಂತ ನಿಮಗನ್ನಿಸ್ತು, ಸಿನಿಮಾಗೆ ಹಾಗನ್ನಿಸಿದೆಯಾ? ಮದುವೆಯಾದ ಹೆಂಗಸಿನ ಹಿಂದೆ ಹೋಗೋನನ್ನು ಕ್ಯಾಮೆರಾ ಎಲ್ಲೂ ಪ್ರಶ್ನಿಸಲ್ಲ, ಚರಣ್ ರಾಜ್ ಸಂಗೀತ ಅವನ ಪರವಾಗೇ ಅಳುತ್ತೆ. ಸುರಭಿ ಪಾತ್ರವನ್ನು ಚೈತ್ರಾ ಆಚಾರ್ ಅಷ್ಟು ಚೆನ್ನಾಗಿ ಮಾಡಿದ್ದಕ್ಕೆ ಆ ಭಾಗ ಉಳೀತು. ಸೈಡ್ ಎ ತಾನಾಗೇ ಪೂರ್ತಿ ನಿಲ್ಲುತ್ತೆ, ಸೈಡ್ ಬಿ ನಿಲ್ಲಲ್ಲ.

ಸೈಡ್_ಎ
ನಿಲ್ಲಬೇಕಾಗಿಲ್ಲ ಮೇಡಂ. ಕ್ಯಾಸೆಟ್ ತಿರುಗಿಸಿ ಹಾಕಿದ ಮೇಲೆ ತಾನೇ ಬಿ ಸೈಡ್ ಬರೋದು.

ಚಿತ್ರಲೇಖಾ_ಜಯನಗರ
ಟಿಕೆಟ್ ಎರಡು ಸಲ ತಗೊಂಡಿದ್ದೀವಿ, ಎರಡೂ ಸಲ ಪೂರ್ತಿ ಸಿನಿಮಾ ಬೇಕು.

ಮಾಗಡಿರೋಡ್_ಮಂದಿ
ಟಿಕೆಟ್ ಅಂದ್ರೆ ನೆನಪಾಯ್ತು, 200 ರೂಪಾಯಿ ಮಿತಿ ಏನಾಯ್ತು?

ಕರಾರುಪತ್ರ
2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಅಧಿಸೂಚನೆ ಹೊರಡಿಸ್ತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಡ್ತು. ಅದರ ಬೆನ್ನಿಗೇ ಅಕ್ಟೋಬರ್ 2ಕ್ಕೆ ಕಾಂತಾರ ಚಾಪ್ಟರ್ 1 ಬಂತು. ಮಿತಿ ಬಗ್ಗೆ ಬೇರೆ ಥ್ರೆಡ್ ಮಾಡಿ, ಇಲ್ಲಿ ಶುರುವಾದ್ರೆ ನಿಲ್ಲಲ್ಲ.

ತುಳುನಾಡಿಂದ_ಮಲ್ಲೇಶ್ವರಕ್ಕೆ
ಕಾಂತಾರ ಬಂದಿದ್ದಕ್ಕೆ ಹೇಳ್ತೇನೆ. ಚಾಪ್ಟರ್ 1 ಹಿಂದಿನ ಕಾಲದ ಕಥೆ, ಹಾಗಾಗಿ ಅದಕ್ಕೆ ಬೇರೆಯೇ ಕಷ್ಟ. ಕೊನೆಗೆ ಏನು ಉಳಿಯುತ್ತದೆ ಅಂತ ಪ್ರೇಕ್ಷಕನಿಗೆ ಗೊತ್ತು. ಕಾಡು ಉಳಿಯುತ್ತದೆ, ದೈವ ಉಳಿಯುತ್ತದೆ. ಹಾಗಾಗಿ 'ಮುಂದೇನು' ಅನ್ನುವ ಕುತೂಹಲದ ಬದಲು 'ಹೇಗೆ' ಅನ್ನುವುದರ ಮೇಲೆ ಕಥೆ ನಡೆಯಬೇಕು. ತಂದೆ ಮಾಯವಾದ ಜಾಗದ ಪ್ರಶ್ನೆಯಿಂದಲೇ ಶುರು ಮಾಡಿದ್ದು ಸರಿಯಾದ ದಾರಿ. ಬಾಂಗ್ರಾ ರಾಜ್ಯ, ಬಂದರು, ವ್ಯಾಪಾರ, ನಾಯಕ ಬೆರ್ಮೆ ಕಾಡಿನಿಂದ ಹೊರಗೆ ಕಾಲಿಡುವುದು, ಅಷ್ಟೂ ಚಂದ. ಕನಕವತಿ ಪಾತ್ರ ತಿರುಗುವ ರೀತಿ ಮೊದಲ ಸಿನಿಮಾದ ಲೀಲಾಗೆ ಸಿಗದ ತೂಕ ಕೊಟ್ಟಿದೆ.

ಆದರೆ 2022ರ ಕಾಂತಾರ ಯಾಕೆ ಮೇಲು ಅಂದರೆ ಅಲ್ಲಿ ಕಾಯಿಸುತ್ತಾರೆ. ಆರಂಭದಲ್ಲಿ ಒಂದು ಸಲ ದೈವದ ಆ ಕೂಗು ಕೇಳಿಸಿ, ನಡುವೆ ಕನಸಿನಲ್ಲಿ, ಬೇಟೆಯಲ್ಲಿ ಚೂರು ಚೂರು ಕೊಟ್ಟು, ಶಿವನ ಮೈಮೇಲೆ ಬರುವುದನ್ನು ಕೊನೆಯ ಇಪ್ಪತ್ತು ನಿಮಿಷಕ್ಕೆ ಇಟ್ಟಿದ್ದಾರೆ. ಚಾಪ್ಟರ್ 1ರಲ್ಲಿ ಆವೇಶ ಮತ್ತೆ ಮತ್ತೆ ಬರುತ್ತದೆ. ಒಂದೊಂದೂ ಅದ್ಭುತವಾಗಿದೆ, ಆದರೆ ಮೊದಲನೆಯದು ಮುಗಿದು ರೋಮ ಇಳಿಯುವ ಮೊದಲೇ ಇನ್ನೊಂದು ಬಂದರೆ ಎರಡನೆಯದು ಮೈಗೆ ತಾಗುವುದಿಲ್ಲ.

ಕಟ್_ಟು_ಕಟ್
ನೂರಕ್ಕೆ ನೂರು. ಸೌಂಡ್ ಮಿಕ್ಸಿಂಗಲ್ಲೂ ಇದೇ ಲೆಕ್ಕ. ಜೋರು ಶಬ್ದಕ್ಕೆ ಮೊದಲು ಮೌನ ಬೇಕು, ಇಲ್ಲಾಂದ್ರೆ ಕಿವಿ ಅದೇ ಮಟ್ಟಕ್ಕೆ ಒಗ್ಗಿಹೋಗುತ್ತೆ. ಎರಡನೇ ಭಾಗದವರು ಕ್ಲೈಮ್ಯಾಕ್ಸ್ ಮಟ್ಟದಲ್ಲೇ ಸಿನಿಮಾ ಶುರು ಮಾಡ್ತಾರೆ, ಇಂಟರ್ವಲ್ ಹೊತ್ತಿಗೆ ಮೇಲೆ ಹೋಗೋಕೆ ಜಾಗನೇ ಇರಲ್ಲ.

ಕೆಲಸ ಮಾಡೋರಿಗೆ ಇನ್ನೂ ಕೆಲವು ಮಾತು. ಎರಡನೇ ಭಾಗ ಮಾಡೋ ಯೋಚನೆ ಒಂದು ಚೂರು ಇದ್ರೂ ಮೊದಲ ಭಾಗ ಮುಗಿದ ತಕ್ಷಣ ಮಾತು, ಸಂಗೀತ, ಎಫೆಕ್ಟ್ಸ್ ಟ್ರ್ಯಾಕ್‌ಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಿ. ಫೈನಲ್ ಮಿಕ್ಸ್ ಮಾತ್ರ ಇದ್ರೆ ಹಳೇ ದೃಶ್ಯ ಫ್ಲ್ಯಾಶ್‌ಬ್ಯಾಕಲ್ಲಿ ಹಾಕುವಾಗ ಹಿಂದಿನ ಹಿನ್ನೆಲೆ ಸಂಗೀತ ಮಾತಿಗೆ ಅಂಟಿಕೊಂಡೇ ಬರುತ್ತೆ, ಬಿಡಿಸೋಕಾಗಲ್ಲ. ಕ್ಯಾಮೆರಾದ ಮೂಲ ಫೂಟೇಜನ್ನು ಬಹುಕಾಲ ಡೇಟಾ ಉಳಿಸಿಡೋ ಎಲ್‌ಟಿಒ ಟೇಪ್‌ಗೆ ಎರಡು ಪ್ರತಿ, ಎರಡು ಬೇರೆ ಜಾಗದಲ್ಲಿ ಇಡಿ. ಬಳಸದೆ ಬಿಟ್ಟ ಶಾಟ್ ಅಳಿಸಬೇಡಿ, ಮುಂದಿನ ಭಾಗದಲ್ಲಿ ಅದೇ 'ಅವತ್ತು ನೀವು ನೋಡದ ಕೋನ' ಆಗುತ್ತೆ. ಕಲರ್ ಗ್ರೇಡಿಂಗಿನ ಸೆಟ್ಟಿಂಗ್ ಫೈಲ್ ಜೊತೆಗೇ ಇರಲಿ. ಗಾಯದ ಗುರುತು ಯಾವ ಕೆನ್ನೆ ಮೇಲೆ, ಗಡ್ಡ ಎಷ್ಟು ಉದ್ದ, ವಾಚ್ ಯಾವ ಕೈಗೆ, ಇದಕ್ಕೆಲ್ಲ ಕಂಟಿನ್ಯುಟಿ ಫೋಟೋ ದೃಶ್ಯದ ನಂಬರ್ ಹಾಕಿ ಜೋಡಿಸಿಡಿ. ಬಾಲನಟರಿದ್ರೆ ಕಥೆಯಲ್ಲಿ ವರ್ಷಗಳು ಕಳೀಲೇಬೇಕು, ಮಕ್ಕಳು ಎರಡು ವರ್ಷಕ್ಕೆ ಗುರುತೇ ಸಿಗದ ಹಾಗೆ ಬೆಳೀತಾರೆ.

ಲೈಟ್ಸ್_ಆಫ್
ಒಟ್ಟಿಗೇ ಎರಡೂ ಭಾಗ ಶೂಟ್ ಮಾಡಿಬಿಟ್ಟರೆ ಈ ತಲೆನೋವೇ ಇರಲ್ವಲ್ಲ?

ಕಟ್_ಟು_ಕಟ್
ಸೆಟ್ ಬಾಡಿಗೆ, ಕಲಾವಿದರ ಡೇಟ್ಸ್, ಕಂಟಿನ್ಯುಟಿ ಮೂರರಲ್ಲೂ ಉಳಿತಾಯ. ಆದ್ರೆ ಮೊದಲ ಭಾಗ ನೋಡಿ ಜನ ಏನಂದ್ರು ಅಂತ ತಿಳ್ಕೊಂಡು ತಿದ್ದೋಕೆ ದಾರಿ ಇರಲ್ಲ. ಮೊದಲನೆಯದು ಬಿದ್ದರೆ ಎರಡನೆಯದರ ದುಡ್ಡೂ ಹೋಯ್ತು.

ವಿಶ್ವಸಿನಿಮಾ
ಹೊರಗಿನದ್ದು ಕೇಳಿದ್ರಲ್ಲ. ಗಾಡ್‌ಫಾದರ್ 1972, ಎರಡನೇ ಭಾಗ 1974. ಎರಡನೆಯದಕ್ಕೂ ಅತ್ಯುತ್ತಮ ಚಿತ್ರದ ಆಸ್ಕರ್ ಬಂತು, ಒಟ್ಟು ಆರು ಪ್ರಶಸ್ತಿ, ಮೊದಲನೆಯದಕ್ಕೆ ಮೂರು. ಅದು ಯಾಕೆ ಗೆದ್ದಿತು ಅಂದ್ರೆ ವಿಟೊ ಯೌವನದ ಕಥೆ ಮೂಲ ಕಾದಂಬರಿಯಲ್ಲೇ ಇತ್ತು, ಮೊದಲ ಸಿನಿಮಾದಲ್ಲಿ ಬಳಸಿರಲಿಲ್ಲ. ಅಪ್ಪ ಕುಟುಂಬ ಕಟ್ಟೋದು, ಮಗ ಅದೇ ಕುಟುಂಬವನ್ನು ಕಳ್ಕೊಳ್ಳೋದು, ಎರಡನ್ನೂ ಹೆಣೆದರು. ಟರ್ಮಿನೇಟರ್ 1984ರಲ್ಲಿ ಕೊಲ್ಲೋಕೆ ಬಂದ ಯಂತ್ರವನ್ನೇ 1991ರಲ್ಲಿ ಕಾಪಾಡೋಕೆ ನಿಲ್ಲಿಸಿದರು. ನಮ್ಮ ಭಯವನ್ನೇ ಕಥೆಗೆ ಬಂಡವಾಳ ಮಾಡಿಕೊಂಡ ಹಾಗಾಯ್ತು.

ಅಷ್ಟು ದೂರ ಯಾಕೆ, ಸತ್ಯಜಿತ್ ರಾಯ್ ಅವರ ಪಥೇರ್ ಪಾಂಚಾಲಿ 1955, ಅಪರಾಜಿತೊ 1956. ಎರಡನೆಯದಕ್ಕೆ 1957ರಲ್ಲಿ ವೆನಿಸ್‌ನ ಗೋಲ್ಡನ್ ಲಯನ್ ಬಂತು. ತಾಯಿಯಿಂದ ಮಗ ನಿಧಾನಕ್ಕೆ ದೂರ ಆಗೋದನ್ನು ಅಷ್ಟು ನಿರ್ದಾಕ್ಷಿಣ್ಯವಾಗಿ ಮೊದಲನೆಯದರಲ್ಲೂ ತೋರಿಸಿಲ್ಲ.

ಹನುಮಂತನಗರ
ಪಥೇರ್ ಪಾಂಚಾಲಿಗಿಂತ ಅಪರಾಜಿತೊ ಮೇಲು ಅನ್ನೋದನ್ನ ನಾನು ಒಪ್ಪಲ್ಲ. ದುರ್ಗಾ ಹೋದ ಮೇಲೆ ಹರಿಹರ ಸೀರೆ ತೆಗೆದು ತೋರಿಸೋ ದೃಶ್ಯ ಒಂದೇ ಸಾಕು.

ಕಥಾಸರಿತ್
ನನ್ನ ಉತ್ತರ ದೃಶ್ಯ 2. ರವಿಚಂದ್ರನ್ ಅವರ ದೃಶ್ಯ 2014, ಎರಡನೆಯದು 2021ರ ಡಿಸೆಂಬರ್, ಎರಡೂ ಪಿ. ವಾಸು. ಕಥೆ ಜೀತು ಜೋಸೆಫ್ ಅವರ ಮಲಯಾಳದ್ದು. ಕನ್ನಡದ ನಿರೂಪಣೆ ಬಗ್ಗೆ ತಕರಾರಿರಬಹುದು, ಆ ಚಿತ್ರಕಥೆಯ ಕಟ್ಟೋಣ ಮಾತ್ರ ಕಲಿಯೋರಿಗೆ ಪಠ್ಯ.

ಮನೆಯವರ ಕೈಯಲ್ಲಿ ಆದ ಕೊಲೆ ಮುಚ್ಚಿಡೋಕೆ ಮೊದಲ ಭಾಗದಲ್ಲಿ ನಾಯಕ ಹೂಡೋ ಉಪಾಯ ದಿನಾಂಕದ್ದು. ಪ್ರವಾಸ ಹೋದ ದಿನವನ್ನು ಹಿಂದಕ್ಕೆ ಸರಿಸಿ ಕಂಡಕ್ಟರ್, ಹೋಟೆಲ್‌ನವರು, ಥಿಯೇಟರ್‌ನವರು ಎಲ್ಲರ ನೆನಪಲ್ಲೂ ಕೂರಿಸೋದು. ಕೊನೆಗೆ ಶವ ಹೊಸ ಪೊಲೀಸ್ ಸ್ಟೇಷನ್ ಕೆಳಗೇ ಇದೆ ಅಂತ ನಮಗೆ ಮಾತ್ರ ಗೊತ್ತಾಗುತ್ತೆ. ಅದೇ ಬಾಕಿ. ಅಗೆದ್ರೆ ಮುಗೀತು.

ಎರಡನೆಯದು ಅಗೆಯೋದನ್ನೇ ಕಥೆ ಮಾಡ್ಕೊಳ್ಳುತ್ತೆ. ಆ ರಾತ್ರಿ ಅವನು ಸ್ಟೇಷನ್‌ನಿಂದ ಹೊರಗೆ ಬಂದದ್ದನ್ನು ಒಬ್ಬ ನೋಡಿರ್ತಾನೆ, ಅವನೂ ಆಗ ಕೊಲೆ ಮಾಡಿ ಓಡ್ತಿದ್ದವನು, ಅದಕ್ಕೇ ವರ್ಷಗಟ್ಟಲೆ ಬಾಯಿ ಬಿಡೋಕೆ ಆಗಿರಲ್ಲ. ಈ ಕಡೆ ನಾಯಕ ಥಿಯೇಟರ್ ಇಟ್ಕೊಂಡು, ಕುಡೀತಾ, ಸಿನಿಮಾ ಮಾಡ್ತೀನಿ ಅಂತ ಕಥೆಗಾರನ ಹಿಂದೆ ಅಲೀತಾ ಇರ್ತಾನೆ. ಮೊದಲ ಒಂದು ಗಂಟೆ ಎಳೆದಂಗೆ ಅನ್ಸುತ್ತೆ, ಜನ ಬೈದಿದ್ದೂ ಅದಕ್ಕೇ. ಆದ್ರೆ ಎಳೆದದ್ದು ಅನ್ನಿಸಿದ ಒಂದೊಂದು ದೃಶ್ಯವೂ ಬೇಲಿಯ ಗೂಟ. ಸ್ಮಶಾನದವನ ಪರಿಚಯ, ಪುಸ್ತಕ, ಶವಾಗಾರದ ಕಾವಲುಗಾರ, ಎಲ್ಲಾ ಕೊನೆಯ ಅರ್ಧ ಗಂಟೆಯಲ್ಲಿ ಸೇರಿಕೊಳ್ಳುತ್ತೆ. ಮೂಳೆ ಬದಲಾಗಿದೆ, ಡಿಎನ್‌ಎ ಹೊಂದಲ್ಲ. ಇದನ್ನು ಬಿಡಿಸಿ ಹೇಳೋನು ನಾಯಕ ಅಲ್ಲ, ಆ ಕಥೆಗಾರ, ಅದೂ ಸಿನಿಮಾದ ಕ್ಲೈಮ್ಯಾಕ್ಸ್ ಅಂತ. ನಾಯಕನ ಬಾಯಲ್ಲಿ ಹೇಳಿಸಿದ್ರೆ ಜಂಬ ಆಗ್ತಿತ್ತು.

ಬಾಲ್ಕನಿ_ಸೀಟು
ಲ್ಯಾಬ್‌ಗೆ ಹೋಗೋ ಮೂಳೆ ಅಷ್ಟು ಸುಲಭಕ್ಕೆ ಬದಲಾಯಿಸೋಕಾಗುತ್ತಾ? ಸೀಲ್ ಇರುತ್ತಲ್ಲ?

ಕರಾರುಪತ್ರ
ನಿಜ ಜೀವನದಲ್ಲಿ ಕಷ್ಟ. ಪಂಚನಾಮೆ ಆಗುತ್ತೆ, ಅರಗಿನ ಮೊಹರು ಹಾಕ್ತಾರೆ, ಯಾರ ಕೈಯಿಂದ ಯಾರ ಕೈಗೆ ಹೋಯ್ತು ಅನ್ನೋದಕ್ಕೆಲ್ಲ ದಾಖಲೆ ಇರುತ್ತೆ, ಲ್ಯಾಬ್‌ನವರು ಮೊಹರು ಸರಿಯಾಗಿತ್ತಾ ಅಂತ ವರದಿಯಲ್ಲಿ ಬರೀತಾರೆ. ಸಿನಿಮಾ ಆ ಸಂಕೋಲೆಯ ಅತಿ ದುರ್ಬಲ ಕೊಂಡಿ ಯಾವುದು ಅಂತ ಹುಡುಕಿ, ರಾತ್ರಿ ಪಾಳಿಯ ಕಾವಲುಗಾರನನ್ನು ಹಿಡಿದಿದೆ. ನಂಬೋ ಹಾಗೆ ಬರೆದಿದ್ದಾರೆ.

ಚಿತ್ರಲೇಖಾ_ಜಯನಗರ
ದೃಶ್ಯ 2ಕ್ಕೆ ನನ್ನದೂ ಒಂದು ಮತ. ಹೆಂಡತಿ, ಮಗಳು ಆ ಭಯದ ಜೊತೆ ಹೇಗೆ ಬದುಕ್ತಿದ್ದಾರೆ ಅಂತ ತೋರಿಸಿದ್ದಕ್ಕೆ. ಮಗಳಿಗೆ ಫಿಟ್ಸ್ ಬರೋದು, ಪೊಲೀಸ್ ಗಾಡಿ ಸದ್ದಿಗೆ ಮನೆ ಬೆಚ್ಚಿಬೀಳೋದು. ಮೊದಲ ಭಾಗ ನೋಡಿ ಚಪ್ಪಾಳೆ ಹೊಡೆದವರಿಗೆ ಆ ಜಾಣತನದ ಬೆಲೆ ಎಷ್ಟು ಅಂತ ಕಾಣಿಸಿದ್ದು ಎರಡನೆಯದು.

ಮಾಗಡಿರೋಡ್_ಮಂದಿ
ಸರಿ, ದೃಶ್ಯ ನೋಡಿ ಎಷ್ಟೋ ವರ್ಷ ಆಯ್ತು ಅನ್ನೋರು ಈಗ ಎರಡನೆಯದಕ್ಕೆ ಕೂತರೆ ಅರ್ಥ ಆಗುತ್ತಾ, ಇಲ್ಲ ಮತ್ತೆ ಒಂದರಿಂದ ಶುರು ಮಾಡ್ಬೇಕಾ?

ಕಥಾಸರಿತ್
ಟೈಮ್ ಇದ್ರೆ ಪೂರ್ತಿ ನೋಡಿ. ಇಲ್ಲಾಂದ್ರೆ ಮೊದಲನೆಯದರಲ್ಲಿ ಮೂರು ಜಾಗ ಸಾಕು. ಹಿತ್ತಲಿನ ರಾತ್ರಿ, ಹಿತ್ತಲು ಅಗೆದಾಗ ಏನು ಸಿಕ್ತು ಅನ್ನೋ ದೃಶ್ಯ, ಕೊನೇ ಐದು ನಿಮಿಷ. ಎರಡನೆಯದಕ್ಕೆ ಕೂತಾಗ ಮೊದಲ ದೃಶ್ಯದಲ್ಲಿ ಓಡೋ ಮನುಷ್ಯನ ಮುಖ ಸರಿಯಾಗಿ ನೋಡ್ಕೊಳ್ಳಿ, ಆಗ ಮೊಬೈಲ್ ತೆಗೆಯಬೇಡಿ.